‘ಮೊದಲನೆಯದು’ ಎಂಬ ಹೆಗ್ಗಳಿಕೆ ಮತ್ತು ನಮ್ಮ ಮಕ್ಕಳ ಪ್ರಶ್ನೋತ್ತರ ಪುಸ್ತಿಕೆ: ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲಾಡಳಿತಗಳಿಗೆ ಒಂದು ಬಹಿರಂಗ ಪತ್ರ

ಕೋಲಾರ ಹಾಗೂ ಚಿಕ್ಕಬಳ್ಳಾಪುರದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಮತ್ತು ಶಿಕ್ಷಕ ಬಂಧುಗಳಿಗೆ,

ರಸಪ್ರಶ್ನೆ ಸ್ಪರ್ಧೆಗಳ ತಯಾರಿಗೆಂದು ನಮ್ಮ ಭಾಗದ ಶಾಲೆಗಳಲ್ಲಿ ಕೈಯಿಂದ ಕೈಗೆ ಸಾಗುವ ಪ್ರಶ್ನೋತ್ತರ ಪುಸ್ತಿಕೆಗಳಲ್ಲಿ ಜಿಲ್ಲೆಯ ಹಿರಿಮೆಯನ್ನು ಹೇಳುವ ಒಂದು ಭಾಗ ಇದ್ದೇ ಇರುತ್ತದೆ. ಆ ಭಾಗವನ್ನು ಬಲ್ಲವರಿಂದ ಹೊಸದಾಗಿ ಬರೆಸಬೇಕು ಮತ್ತು ಅದೇ ಪಠ್ಯವನ್ನು ಆಯಾ ಸ್ಥಳಗಳ ಫಲಕಗಳಲ್ಲೂ ಬಳಸಬೇಕು ಎಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಆದರೆ ನಾನು ಇಲ್ಲಿ ಹೇಳಲಿರುವ ಸಂಗತಿಗಳೆಲ್ಲ ನಡೆದದ್ದು ಎರಡೂ ಒಂದೇ ಕೋಲಾರ ಜಿಲ್ಲೆಯಾಗಿದ್ದ ಕಾಲದಲ್ಲಿ. ಆದ್ದರಿಂದ ಇಬ್ಬರು ಜಿಲ್ಲಾಧಿಕಾರಿಗಳನ್ನೂ ಒಟ್ಟಿಗೆ ಸಂಬೋಧಿಸಿದ್ದೇನೆ.

ಪುಸ್ತಿಕೆಗಳಲ್ಲಿ ವಿಷಯ ಕಡಿಮೆ ಇದೆ ಎಂಬುದು ನನ್ನ ದೂರಲ್ಲ. ಅಲ್ಲಿರುವುದೆಲ್ಲ ಬಿರುದುಗಳ ರೂಪದಲ್ಲಿದೆ: ಏಷ್ಯಾದ ಮೊದಲನೆಯದು, ಜಗತ್ತಿನ ಮೊದಲನೆಯದು, ದಕ್ಷಿಣದ ಇಂಥದ್ದು, ಕರ್ನಾಟಕದ ಅಂಥದ್ದು. ಬಿರುದು ತಪ್ಪಾಗಿದ್ದರೆ ಮಗು ಸುಳ್ಳನ್ನು ಕಲಿಯುತ್ತದೆ. ಬಿರುದು ಸರಿಯಾಗಿದ್ದಾಗಲೂ ಅದರ ಹಿಂದಿನ ಕುತೂಹಲಕರ ವಿಷಯ ಮಗುವಿನ ಕಿವಿಗೆ ಬೀಳುವುದೇ ಇಲ್ಲ.

ಮೊದಲು ವಿದ್ಯುತ್ತಿನ ವಿಷಯ. ತಾಲ್ಲೂಕು ಮಟ್ಟದ ಒಂದು ಲಿಖಿತ ಸುತ್ತಿನಲ್ಲಿ ‘ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಯಾವುದು, ಅದನ್ನು ಕಟ್ಟಿದವರು ಯಾರು?’ ಎಂಬ ಪ್ರಶ್ನೆ ಬಂದಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ‘ಶಿವನಸಮುದ್ರ ಅಲ್ಲ, ಡಾರ್ಜಿಲಿಂಗಿನದು ಅದಕ್ಕಿಂತ ಹಳೆಯದು’ ಎಂದು ಬರೆದಳು. ಮಾದರಿ ಉತ್ತರದಲ್ಲಿ ‘ಶಿವನಸಮುದ್ರ, ಸರ್ ಎಂ. ವಿಶ್ವೇಶ್ವರಯ್ಯ’ ಎಂದಿದ್ದುದರಿಂದ ಅವಳಿಗೆ ಸೊನ್ನೆ ಬಂತು. ಮೌಲ್ಯಮಾಪಕರನ್ನು ನಾನು ದೂರುವುದಿಲ್ಲ. ಕೈಯಲ್ಲಿದ್ದ ಹಾಳೆಯನ್ನು ನೋಡಿ ಅವರು ಅಂಕ ಕೊಟ್ಟರು. ಆದರೆ ಆ ಹಾಳೆಯ ಎರಡು ಭಾಗಗಳೂ ತಪ್ಪು. ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ ಕೇಂದ್ರ 1897ರ ನವೆಂಬರಿನಲ್ಲೇ ಕೆಲಸ ಆರಂಭಿಸಿತ್ತು, ಜಪಾನಿನ ಕ್ಯೋಟೋ ನಗರದ ಕೇಂದ್ರ ಅದಕ್ಕೂ ಹಿಂದಿನದು, 1891ರದು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು 1902ರ ಜೂನ್ 30ರಂದು. ಆ ಯೋಜನೆಗೆ ಬೆನ್ನೆಲುಬಾಗಿ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್, ಫಲವನ್ನು ಕಾಣುವ ಮೊದಲೇ, 1901ರಲ್ಲಿ ಅವರು ತೀರಿಕೊಂಡರು. ಯೋಜನೆಯನ್ನು ರೂಪಿಸಿದ ಎಂಜಿನಿಯರ್ ಕೆನಡಾದ ಕ್ವಿಬೆಕ್ ಮೂಲದ ಸೇನಾಧಿಕಾರಿ ಜೋಲಿ ದ ಲೊಟ್ಬಿನಿಯೇರ್. ವಿಶ್ವೇಶ್ವರಯ್ಯನವರು ಆಗ ಬೊಂಬಾಯಿ ಪ್ರಾಂತ್ಯದ ಸೇವೆಯಲ್ಲಿದ್ದರು. ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ.

ಮುದ್ದೇನಹಳ್ಳಿಯವರು ನಮ್ಮವರು ಎಂಬ ಅಭಿಮಾನದಲ್ಲಿ ಕನ್ನಡ ನಾಡಿನ ಪ್ರತಿಯೊಂದು ಕಟ್ಟೆ, ಕಂಬ, ಕಾರ್ಖಾನೆಯನ್ನೂ ವಿಶ್ವೇಶ್ವರಯ್ಯನವರ ಹೆಸರಿಗೆ ಬರೆಯುವ ರೂಢಿ ನಮ್ಮಲ್ಲಿ ಬೆಳೆದಿದೆ. ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯರಿಗೆ ಇದು ಹಿಡಿಸುತ್ತಿತ್ತು ಎಂದು ನನಗೆ ತೋರುವುದಿಲ್ಲ. ಗಣಿಗೂ ಅವರಿಗೂ ಇರುವ ನಿಜವಾದ ನಂಟು ಬೇರೆ, ಮತ್ತು ಹೆಚ್ಚು ಸ್ವಾರಸ್ಯದ್ದು. ಬೇಸಿಗೆಯಲ್ಲಿ ಕಾವೇರಿಯ ಹರಿವು ಇಳಿದಾಗ ಶಿವನಸಮುದ್ರದ ಉತ್ಪಾದನೆ ಕುಗ್ಗುತ್ತಿತ್ತು, ಆದರೆ ಗಣಿಗಳಿಗೆ ವರ್ಷವಿಡೀ ಒಂದೇ ಸಮನೆ ವಿದ್ಯುತ್ತು ಬೇಕಿತ್ತು. ಕೃಷ್ಣರಾಜಸಾಗರ ಅಣೆಕಟ್ಟು ಕಟ್ಟಬೇಕೆಂದು ಅವರು ವಾದಿಸಿದಾಗ ಮುಂದಿಟ್ಟ ಕಾರಣಗಳಲ್ಲಿ ಇದೂ ಒಂದು. ಮಂಡ್ಯದ ಗದ್ದೆಗೆ ನೀರುಣಿಸುವ ಕಟ್ಟೆಯ ಹಿಂದೆ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿಯ ಯಂತ್ರಗಳ ಬೇಡಿಕೆಯೂ ಇತ್ತು ಎಂದು ತಿಳಿದ ಮಗುವಿಗೆ ಭೂಪಟ ಬೇರೆಯಾಗಿಯೇ ಕಾಣಿಸುತ್ತದೆ. ಇನ್ನೊಂದು ಸಂಗತಿಯೂ ಪುಸ್ತಿಕೆಯಲ್ಲಿಲ್ಲ. ಸುಮಾರು 147 ಕಿಲೋಮೀಟರ್ ಉದ್ದದ, ಅಂದಿನ ಜಗತ್ತಿನ ಅತಿ ದೀರ್ಘ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿದ್ದ ಆ ತಂತಿಯ ಮೂಲಕ ಬಂದ ವಿದ್ಯುತ್ತು ಗಣಿಗೆ ಸಿಕ್ಕಿ ಮೂರು ವರ್ಷಗಳಾದ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ವಿಷಯ, ಅದೇ ಚಾಂಪಿಯನ್ ರೀಫ್ ಗಣಿಯ ಆಳದ್ದು. ಕೆಲವು ಪುಸ್ತಿಕೆಗಳಲ್ಲಿ ‘ಜಗತ್ತಿನಲ್ಲೇ ಮೊದಲು ನ್ಯೂಟ್ರಿನೋ ಕಂಡುಹಿಡಿದದ್ದು ಕೆ.ಜಿ.ಎಫ್.ನಲ್ಲಿ’ ಎಂಬ ಒಂದು ಸಾಲು ಇದೆ. ಹೀಗೆ ಹೇಳಿದರೆ ತಪ್ಪಾಗುತ್ತದೆ. ನ್ಯೂಟ್ರಿನೋ ಎಂಬ, ಯಾವುದಕ್ಕೂ ಸುಲಭವಾಗಿ ತಾಗದ ಅತಿ ಸೂಕ್ಷ್ಮ ಕಣವನ್ನು ಮೊದಲು ಪತ್ತೆ ಮಾಡಿದ್ದು 1956ರಲ್ಲಿ, ಅಮೆರಿಕದ ಪರಮಾಣು ಸ್ಥಾವರವೊಂದರ ಪಕ್ಕದಲ್ಲಿ, ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್. ಕೋಲಾರದಲ್ಲಿ 1965ರಲ್ಲಿ ಆದದ್ದು ಬೇರೆಯ ಕೆಲಸ: ಮನುಷ್ಯ ಮಾಡಿದ ಸ್ಥಾವರದಿಂದಲ್ಲದೆ, ನಮ್ಮ ತಲೆಯ ಮೇಲಿನ ವಾತಾವರಣದಲ್ಲಿ ತಾವಾಗಿಯೇ ಹುಟ್ಟುವ ನ್ಯೂಟ್ರಿನೋಗಳ ಪತ್ತೆ.

ಅದು ಹೇಗೆ ನಡೆಯಿತು ಎಂಬುದನ್ನು ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಹಲವು ಸಲ ವಿವರಿಸಿದ್ದೇನೆ. ಅದು ಅವರಿಗೆ ಅರ್ಥವಾಗದ ವಿಷಯವೇನಲ್ಲ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಅನೇಕ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಮ್ಯೂಯಾನ್ ಎಂಬುದು ಸಾಕಷ್ಟು ಗಟ್ಟಿ ಕಣ; ಅದು ನೆಲದೊಳಗೂ ಬಹಳ ದೂರ ಇಳಿಯುತ್ತದೆ, ಆದರೆ ಬಂಡೆ ದಪ್ಪವಾದಷ್ಟೂ ಅದರ ಸಂಖ್ಯೆ ಕುಗ್ಗುತ್ತದೆ. ನ್ಯೂಟ್ರಿನೋಗೆ ಬಂಡೆಯ ಲೆಕ್ಕವೇ ಇಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೋಗಳೇ ಪ್ರತಿ ಸೆಕೆಂಡಿಗೆ ಒಂದು ಚದರ ಸೆಂಟಿಮೀಟರ್ ಜಾಗದ ಮೂಲಕ 6,000 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಹಾದುಹೋಗುತ್ತವೆ. ಭೂಮಿಯ ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹೊರಟುಹೋಗುತ್ತವೆ. ಎಲ್ಲೋ ಅಪರೂಪಕ್ಕೆ ಒಂದು ನ್ಯೂಟ್ರಿನೋ ಬಂಡೆಯ ಪರಮಾಣುವಿಗೆ ತಾಗಿದರೆ ಅಲ್ಲಿ ಒಂದು ಮ್ಯೂಯಾನ್ ಹುಟ್ಟಬಹುದು. ಹಾಗಾದರೆ ಮೇಲಿನಿಂದ ಬರುವ ಮ್ಯೂಯಾನುಗಳ ಗದ್ದಲ ಪೂರ್ತಿ ಅಡಗುವಷ್ಟು ಆಳಕ್ಕೆ ಹೋಗಿ ಕಾದು ಕುಳಿತರೆ, ಅಲ್ಲಿ ಸಿಗುವ ಮ್ಯೂಯಾನ್ ನ್ಯೂಟ್ರಿನೋದಿಂದಲೇ ಹುಟ್ಟಿರಬೇಕು.

ಇಷ್ಟು ಆಳದ ಜಾಗ ಜಗತ್ತಿನಲ್ಲಿ ಹೆಚ್ಚು ಕಡೆ ಇರಲಿಲ್ಲ, ನಮ್ಮಲ್ಲಿತ್ತು. ಹೋಮಿ ಭಾಭಾ ಅವರ ಸೂಚನೆಯಂತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲೇ ಈ ಗಣಿಗಳಿಗೆ ಉಪಕರಣ ಇಳಿಸಿ ಮ್ಯೂಯಾನುಗಳನ್ನು ಎಣಿಸಿದ್ದರು. 1960ರ ದಶಕದ ಆರಂಭದಲ್ಲಿ ಇನ್ನೂ ಆಳಕ್ಕೆ, ಎರಡೂವರೆ ಕಿಲೋಮೀಟರಿಗೂ ಕೆಳಗೆ ಇಳಿದು ಸುಮಾರು ಎರಡು ತಿಂಗಳು ಕಾದಾಗ ಒಂದೇ ಒಂದು ಮ್ಯೂಯಾನ್ ಕೂಡ ಬರಲಿಲ್ಲ. ಏನೂ ಸಿಗದ ಆ ಎರಡು ತಿಂಗಳೇ ಮುಂದಿನ ಪ್ರಯೋಗಕ್ಕೆ ದಾರಿ ಮಾಡಿಕೊಟ್ಟಿತು. ಅಷ್ಟು ಸದ್ದಡಗಿದ ಜಾಗವೇ ಅವರಿಗೆ ಬೇಕಾಗಿತ್ತು. ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಅವರ ನೇತೃತ್ವದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್ ಮೂಲಕ 2.3 ಕಿಲೋಮೀಟರ್ ಆಳದಲ್ಲಿ ಕಣ ಹಾದುಹೋದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರುಗಳನ್ನೂ ನಿಯಾನ್ ಕೊಳವೆಗಳನ್ನೂ ಗೋಡೆಗಳಂತೆ ನೆಟ್ಟಗೆ ನಿಲ್ಲಿಸಿದರು. ಕೋಲಾರದ ಬಂಡೆ ಸಾಂದ್ರವಾದದ್ದು; ಅಷ್ಟು ಬಂಡೆ ಏಳು ಕಿಲೋಮೀಟರ್ ದಪ್ಪದ ನೀರಿಗೆ ಸಮ. ಉಪಕರಣವನ್ನು ಹಾಸಿಗೆಯಂತೆ ಮಲಗಿಸದೆ ಗೋಡೆಯಂತೆ ನಿಲ್ಲಿಸಿದ್ದಕ್ಕೆ ಕಾರಣವಿದೆ. ಅಷ್ಟು ಆಳಕ್ಕೂ ತಲುಪುವ ಒಂದೆರಡು ಮ್ಯೂಯಾನುಗಳು ನೇರ ಮೇಲಿನಿಂದಲೇ ಬರಬೇಕು, ಏಕೆಂದರೆ ಓರೆಯಾಗಿ ಬಂದರೆ ಹಾಯಬೇಕಾದ ಬಂಡೆ ಇನ್ನೂ ಉದ್ದವಾಗುತ್ತದೆ. ಪಕ್ಕದಿಂದ ಅಡ್ಡಡ್ಡಲಾಗಿ ಬಂದ ಮ್ಯೂಯಾನ್ ಆಕಾಶದಿಂದ ಇಳಿದದ್ದಾಗಿರಲು ಸಾಧ್ಯವೇ ಇಲ್ಲ. ಅದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೋದಿಂದ ಆಗತಾನೇ ಹುಟ್ಟಿದ್ದು. ಇಷ್ಟನ್ನು ಹೇಳಿ ನಿಲ್ಲಿಸಿದರೆ ತರಗತಿಯಲ್ಲಿ ಒಬ್ಬರಾದರೂ ‘ಹಾಗಾದರೆ ಕೆಳಗಿನಿಂದಲೂ ಬರಬಹುದಲ್ಲವೇ?’ ಎಂದು ಕೇಳುತ್ತಾರೆ. ಬರಬಹುದು. ಭೂಮಿಯ ಆಚೆ ಬದಿಯ ವಾತಾವರಣದಲ್ಲಿ ಹುಟ್ಟಿ, ಇಡೀ ಭೂಮಿಯನ್ನು ದಾಟಿ, ಕೋಲಾರದ ತಳದಿಂದ ಮೇಲಕ್ಕೆ ಬರಬಹುದು.

‘ಮೊದಲು’ ಎಂಬ ಮಾತಿಗೆ ಬರೋಣ. ಇದೇ ಕೆಲಸಕ್ಕೆ ರೈನ್ಸ್ ಅವರ ತಂಡ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಸಮೀಪದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಕಾದು ಕುಳಿತಿತ್ತು. ಅವರ ಉಪಕರಣ ಮೊದಲ ಗುರುತನ್ನು ದಾಖಲಿಸಿದ್ದು 1965ರ ಫೆಬ್ರವರಿ 23ರಂದು. ಕೋಲಾರದಲ್ಲಿ ಅದಕ್ಕಿಂತ ತುಸು ತಡವಾಗಿ. ಆದರೆ ಕೋಲಾರದ ವರದಿ ಜುಲೈ 12ರಂದು ವಿಜ್ಞಾನ ಪತ್ರಿಕೆಯ ಕಚೇರಿ ತಲುಪಿ ಆಗಸ್ಟ್ 15ರಂದು ಅಚ್ಚಾಯಿತು. ಆಫ್ರಿಕಾದ ವರದಿ ಜುಲೈ 26ರಂದು ತಲುಪಿ ಆಗಸ್ಟ್ 30ರಂದು ಅಚ್ಚಾಯಿತು. ಸ್ವಾತಂತ್ರ್ಯ ದಿನದ ತಾರೀಖು ಬಿದ್ದದ್ದು ಕಾಕತಾಳೀಯ. ಭಾಷಣಕಾರರು ಅದನ್ನು ಬಿಡಲಾರರು ಎಂಬುದೂ ನನಗೆ ಗೊತ್ತು. ಒಬ್ಬರು ಮೊದಲು ಕಂಡರು, ಇನ್ನೊಬ್ಬರು ಮೊದಲು ಹೇಳಿದರು. ಎರಡು ಖಂಡಗಳಲ್ಲಿ, ಚಿನ್ನಕ್ಕಾಗಿ ತೋಡಿದ ಎರಡು ಗುಂಡಿಗಳ ತಳದಲ್ಲಿ, ಒಂದೇ ವರ್ಷ, ಚಿನ್ನಕ್ಕೆ ಯಾವ ಸಂಬಂಧವೂ ಇಲ್ಲದ ಒಂದೇ ವಸ್ತು ಸಿಕ್ಕಿತು ಎಂಬುದರ ಮುಂದೆ ‘ಜಗತ್ತಿನಲ್ಲೇ ಮೊದಲು’ ಎಂಬ ಸಾಲು ಬಡವಾಗಿ ಕಾಣುತ್ತದೆ.

ಅದೇ ಗಣಿಯಲ್ಲಿ ಮುಂದೆ ನಡೆದ ಇನ್ನೊಂದು ಪ್ರಯೋಗವನ್ನು ಪುಸ್ತಿಕೆಗಳು ಹೇಳುವುದೇ ಇಲ್ಲ, ಏಕೆಂದರೆ ಅದರಲ್ಲಿ ಗೆಲುವಿಲ್ಲ. ಪ್ರೋಟಾನ್ ಎಂದಾದರೂ ತಾನಾಗಿ ಒಡೆಯುತ್ತದೆಯೇ ಎಂದು ನೋಡಲು 1980ರ ಸುಮಾರಿಗೆ ಅಲ್ಲಿ 140 ಟನ್ ತೂಕದ ಉಪಕರಣವನ್ನು ಕಟ್ಟಲಾಯಿತು. ಒಡೆದಿರಬಹುದಾದ ಕೆಲವು ಗುರುತುಗಳು ಕಂಡಿವೆ ಎಂದು ತಂಡ ಪ್ರಕಟಿಸಿತು. ಆಮೇಲೆ ಬಂದ ಇನ್ನೂ ದೊಡ್ಡ ಉಪಕರಣಗಳು ಅದನ್ನು ದೃಢಪಡಿಸಲಿಲ್ಲ. ಪ್ರೋಟಾನ್ ಒಡೆದದ್ದನ್ನು ಇಂದಿನವರೆಗೂ ಯಾರೂ ಕಂಡಿಲ್ಲ. ಅದೇ ಹುಡುಕಾಟಕ್ಕೆಂದು ಜಪಾನಿನ ಕಾಮಿಯೋಕ ಗಣಿಯಲ್ಲಿ ಕಟ್ಟಿದ ನೀರಿನ ತೊಟ್ಟಿಗೂ ಪ್ರೋಟಾನ್ ಸಿಗಲಿಲ್ಲ, ಆದರೆ 1987ರಲ್ಲಿ ಸ್ಫೋಟಿಸಿದ ನಕ್ಷತ್ರವೊಂದರ ನ್ಯೂಟ್ರಿನೋಗಳು ಸಿಕ್ಕಿದವು, ಮತ್ತು ಅದರ ಮುಖ್ಯಸ್ಥ ಕೋಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ಅದರ ನಂತರದ ಸೂಪರ್ ಕಾಮಿಯೋಕಾಂಡೆ, ಕೋಲಾರದಲ್ಲಿ ಪತ್ತೆಯಾದ ಜಾತಿಯ ವಾತಾವರಣದ ನ್ಯೂಟ್ರಿನೋಗಳನ್ನೇ ಎಣಿಸಿ ಅವುಗಳಿಗೆ ತೂಕವಿದೆ ಎಂದು 1998ರಲ್ಲಿ ತೋರಿಸಿತು. ಅದಕ್ಕೂ 2015ರಲ್ಲಿ ನೊಬೆಲ್ ಬಂತು. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿತು.

ಚಿನ್ನದ ವಿಷಯದಲ್ಲೂ ಪುಸ್ತಿಕೆ ಒಂದು ಹೆಸರು ಹೇಳಿ ಮುಗಿಸುತ್ತದೆ: 1802ರಲ್ಲಿ ಜಾನ್ ವಾರನ್. ಟಿಪ್ಪುವಿನ ಪತನದ ನಂತರ ಮೈಸೂರಿನ ಗಡಿ ಅಳೆಯಲು ಬಂದ ಈ ಲೆಫ್ಟಿನೆಂಟ್, ಚಿನ್ನದ ಸುದ್ದಿ ಕೇಳಿ ಬಹುಮಾನ ಸಾರಿದಾಗ ಊರಿಗಾಂವ್ ಕಡೆಯ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಅಂದಮೇಲೆ ಕಂಡುಹಿಡಿದವನು ವಾರನ್ ಹೇಗಾಗುತ್ತಾನೆ? ತೊಳೆಯುವ ವಿದ್ಯೆ ಹಳ್ಳಿಗರದು, ಬರೆದಿಟ್ಟದ್ದು ಅವನದು. ಆದರೂ ಆ ಮನುಷ್ಯ ಗಣಿಗಿಂತ ಕುತೂಹಲದವನು. ಹುಟ್ಟಿನಿಂದ ಫ್ರೆಂಚ್, ಕಂಪನಿಯ ಪರವಾಗಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನು, ಮುಂದೆ ಮದರಾಸಿನ ಖಗೋಳ ವೀಕ್ಷಣಾಲಯದ ಹೊಣೆ ಹೊತ್ತವನು, 1825ರಲ್ಲಿ ನಮ್ಮ ಪಂಚಾಂಗಗಳ ಗಣಿತವನ್ನು ಕುರಿತು ‘ಕಾಲಸಂಕಲಿತ’ ಎಂಬ ದೊಡ್ಡ ಪುಸ್ತಕ ಪ್ರಕಟಿಸಿದವನು. ಪುದುಚೇರಿಯ ಪಂಚಾಂಗದವರೊಬ್ಬರು ಕಾಗದ ಮುಟ್ಟದೆ, ನೆಲದ ಮೇಲೆ ಕವಡೆಗಳನ್ನು ಇಡುತ್ತ, ಕೋಷ್ಟಕಗಳನ್ನೆಲ್ಲ ಬಾಯಿಪಾಠದಿಂದಲೇ ಹೇಳಿಕೊಳ್ಳುತ್ತ ಆ ವರ್ಷದ ಚಂದ್ರಗ್ರಹಣವನ್ನು ಲೆಕ್ಕ ಹಾಕಿದ್ದನ್ನು ವಾರನ್ ಅದರಲ್ಲಿ ಬರೆದಿದ್ದಾನೆ. ಗ್ರಹಣದ ಆರಂಭಕ್ಕೆ ಬಂದ ವ್ಯತ್ಯಾಸ 4 ನಿಮಿಷ, ಮಧ್ಯಕ್ಕೆ 23, ಮುಕ್ತಾಯಕ್ಕೆ 52. ಆ ಲೆಕ್ಕದ ವಿಧಾನದಲ್ಲಿ ಪುರಾತನ ಬ್ಯಾಬಿಲೋನಿನ ಗಣಿತದ ಜಾಡನ್ನು ಇಪ್ಪತ್ತನೆಯ ಶತಮಾನದ ಇತಿಹಾಸಕಾರ ಓಟೋ ನ್ಯೂಗೆಬಾವರ್ ಗುರುತಿಸಿದರು. ಕೋಲಾರದ ಮಣ್ಣು ತೊಳೆಯುವುದನ್ನೂ ಕವಡೆಯ ಗಣಿತವನ್ನೂ ದಾಖಲಿಸಿದವನು ಒಬ್ಬನೇ ಎಂದು ತಿಳಿಸಿದರೆ ಒಂದು ಸಾಲಿನ ಉತ್ತರಕ್ಕೂ ಜೀವ ಬರುತ್ತದೆ.

ಸಾಹಿತ್ಯದ ಭಾಗದಲ್ಲಿ ಮುಳಬಾಗಿಲಿನ ಡಿ.ವಿ.ಜಿ. ಮತ್ತು ಮಾಸ್ತಿಯ ವೆಂಕಟೇಶ ಅಯ್ಯಂಗಾರ್ಯರ ಹೆಸರುಗಳ ಮುಂದೆ ಪ್ರಶಸ್ತಿಗಳ ಪಟ್ಟಿ ಇದೆ. ಮೆಟ್ರಿಕ್ ಪಾಸಾಗದ ಡಿ.ವಿ.ಜಿ. ಪಾರಸಿಯ ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದರು, ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿಯವರು ಕನ್ನಡದ ಸಣ್ಣಕತೆಗೆ ಅಡಿಪಾಯ ಹಾಕಿದರು. ಇಂಥ ಎರಡು ಸಾಲು ಸೇರಿಸಿದರೆ ಸಾಕು, ಈ ಭಾಗಕ್ಕೆ ಹೆಚ್ಚು ದುರಸ್ತಿ ಬೇಡ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ವಿಷಯದಲ್ಲಿ ಮಾತ್ರ ದುರಸ್ತಿ ಅಗತ್ಯ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10, ಜನರ ಲೆಕ್ಕದಲ್ಲಿ 32. ಎರಡು ಸಂಖ್ಯೆಗಳನ್ನೂ ಅಕ್ಕಪಕ್ಕದಲ್ಲಿ ಅಚ್ಚು ಮಾಡಬೇಕು. ಆ ಅಂತರವೂ ಚರಿತ್ರೆಯ ಭಾಗವೇ. ಪುಸ್ತಿಕೆಗಳು ‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂದಷ್ಟೇ ಬರೆದು ಮುಂದೆ ಹೋಗುತ್ತವೆ. ಸತ್ತವರಿಗೆ ಗೌರವ ಸಲ್ಲಿಸುವ ಮಾತು ಅದು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅಮೃತಸರದಲ್ಲಿ ಗುಂಡು ಹಾರಿದ್ದು ಬ್ರಿಟಿಷ್ ಸೇನಾಧಿಕಾರಿಯ ಆಜ್ಞೆಯಂತೆ. ಇಲ್ಲಿ ಹಾರಿಸಿದ್ದು ಮಾದರಿ ಸಂಸ್ಥಾನವೆಂದು ಹೆಸರಾಗಿದ್ದ, ಮಹಾರಾಜರ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರದ ಪೊಲೀಸರು. ಈ ಅನಾನುಕೂಲದ ಸತ್ಯವನ್ನು ಹೋಲಿಕೆ ಮುಚ್ಚಿಬಿಡುತ್ತದೆ. ನಂತರ ಸರ್ದಾರ್ ಪಟೇಲ್ ಮತ್ತು ಕೃಪಲಾನಿ ಮೈಸೂರಿಗೆ ಬಂದರು. ಅದರ ಫಲವಾದ ಮಿರ್ಜಾ-ಪಟೇಲ್ ಒಪ್ಪಂದದಂತೆ ವಿಶೇಷ ಸಂದರ್ಭಗಳಲ್ಲಿ ಸಂಸ್ಥಾನದ ಬಾವುಟ ಮತ್ತು ಕಾಂಗ್ರೆಸ್ಸಿನ ಬಾವುಟ ಜೊತೆಜೊತೆಗೆ ಹಾರತೊಡಗಿದವು. ಮಹಾರಾಜರನ್ನು ಇಟ್ಟುಕೊಂಡೇ ಜವಾಬ್ದಾರಿ ಸರ್ಕಾರ ಕೇಳಿದ ಮೈಸೂರಿನ ಹೋರಾಟದ ವಿಚಿತ್ರ ಸ್ವರೂಪ ಆ ಎರಡು ಬಾವುಟಗಳಲ್ಲಿದೆ. ಒಂಬತ್ತು ವರ್ಷಗಳ ಮೇಲೆ, 1947ರ ಅಕ್ಟೋಬರಿನಲ್ಲಿ, ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಇದೇ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ, ಇಲ್ಲಿ ‘ಮೊದಲ’ ಎಂಬ ಮಾತನ್ನು ಧೈರ್ಯವಾಗಿ ಬಳಸಬಹುದು.

ಗೌರಿಬಿದನೂರಿನಲ್ಲೇ, 1960ರ ದಶಕದ ನಡುವಿನಿಂದ, ದೂರದ ದೇಶಗಳ ಭೂಗತ ಪರಮಾಣು ಸ್ಫೋಟಗಳ ಕಂಪನವನ್ನು ಆಲಿಸುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲು ಕೆಲಸ ಮಾಡುತ್ತಿದೆ. ಅದೇ ತಾಲ್ಲೂಕಿನ ಕೋಟಾಲದಿನ್ನೆಯಲ್ಲಿ ಒಂದು ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕವನ್ನು 1970ರ ದಶಕದಲ್ಲಿ ಕಟ್ಟಲಾಯಿತು. ಒಂದು ನೆಲಕ್ಕೆ ಕಿವಿಗೊಟ್ಟದ್ದು, ಇನ್ನೊಂದು ಆಕಾಶಕ್ಕೆ. ಪುಸ್ತಿಕೆಗಳಲ್ಲಿ ಇವೆರಡರ ಹೆಸರೂ ನನಗೆ ಸಿಗಲಿಲ್ಲ.

ನನ್ನ ಕೋರಿಕೆಗಳು ಹೆಚ್ಚು ಖರ್ಚಿನವಲ್ಲ. ಎರಡೂ ಜಿಲ್ಲೆಗಳ ವಿಜ್ಞಾನ, ಇತಿಹಾಸ ಮತ್ತು ಕನ್ನಡ ಶಿಕ್ಷಕರ ಒಂದು ಸಣ್ಣ ಗುಂಪನ್ನು ನೇಮಿಸಿ, ಪ್ರತಿಯೊಂದು ಉತ್ತರದ ಕೆಳಗೂ ಅದು ಎಲ್ಲಿಂದ ಬಂತು ಎಂದು ಬರೆಸಿ, ಒಂದೇ ಪುಸ್ತಿಕೆಯನ್ನು ಅಧಿಕೃತವಾಗಿ ಹೊರತನ್ನಿ. ಮಾದರಿ ಉತ್ತರಕ್ಕಿಂತ ಬೇರೆ ಉತ್ತರ ಬರೆದ ವಿದ್ಯಾರ್ಥಿಗೆ ಆಧಾರ ತೋರಿಸಲು ಅವಕಾಶ ಕೊಡುವ ಒಂದು ನಿಯಮವನ್ನು ಸ್ಪರ್ಧೆಗಳಿಗೆ ಸೇರಿಸಿ. ಚಾಂಪಿಯನ್ ರೀಫ್‌ಗೆ ಒಂದು ಫಲಕ ಮಾಡಿಸುವುದಾದರೆ ಅದರ ಕರಡನ್ನು ಇಲ್ಲೇ ಕೊಡುತ್ತೇನೆ, ತಿದ್ದಲು ಅಡ್ಡಿಯಿಲ್ಲ:

‘ಈ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು 1965ರಲ್ಲಿ ಪತ್ತೆ ಮಾಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಅವು ಪತ್ತೆಯಾದವು. ಅಲ್ಲಿನ ಉಪಕರಣ ಮೊದಲು ಕಂಡಿತು. ಇಲ್ಲಿನ ವರದಿ ಮೊದಲು ಅಚ್ಚಾಯಿತು. ಉಪಕರಣಗಳನ್ನು ಆಳಕ್ಕೆ ಇಳಿಸಿದವರು, ಅಲ್ಲಿಗೆ ಗಾಳಿ, ಬೆಳಕು, ಲಿಫ್ಟ್ ಒದಗಿಸಿದವರು ಈ ಊರಿನ ಗಣಿ ಕೆಲಸಗಾರರು.’

ಫಲಕ ಕನ್ನಡದಲ್ಲಿರಲಿ, ಅದರ ಕೆಳಗೆ ತಮಿಳು ಮತ್ತು ತೆಲುಗಿನಲ್ಲೂ ಇರಲಿ, ಏಕೆಂದರೆ ಆ ಕೊನೆಯ ಸಾಲಿನಲ್ಲಿ ಹೇಳಿದ ಕೆಲಸಗಾರರ ಮನೆಗಳಲ್ಲಿ ಆಡುವ ಮಾತು ಹೆಚ್ಚಾಗಿ ಅವೇ. ಅವರಲ್ಲಿ ಹಲವರು ಇನ್ನೂ ಕೆ.ಜಿ.ಎಫ್.ನ ಲೈನ್ ಮನೆಗಳಲ್ಲಿದ್ದಾರೆ, ವಯಸ್ಸಾಗಿದೆ. ಪುಸ್ತಿಕೆಯ ಗುಂಪು ಸೇರುವ ಮೊದಲೇ, ಈ ಬೇಸಿಗೆ ರಜೆಯಲ್ಲೇ, ಶಿಕ್ಷಕರನ್ನು ಅವರ ಬಳಿಗೆ ಕಳುಹಿಸಿ, ಪ್ರಯೋಗದ ಸುರಂಗದಲ್ಲಿ ಏನೇನು ಕೆಲಸ ನಡೆಯುತ್ತಿತ್ತು ಎಂದು ಅವರ ಬಾಯಿಂದ ಬರೆಸಿಕೊಳ್ಳುವ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಚಿಂತಾಮಣಿ